ಬಾಯಿ ಮುಚ್ಚಿ ಬಿಚ್ಚಿದ ಬೋಲ್ಟು

ಜೂನ್ ೨, ಸೋಮವಾರ

ಬೆಳಿಗ್ಗೆ ಎರಡು ಪಂಪ್‌ಸೆಟ್, ಒಂದು ಗಿರಣಿ ಮೋಟಾರು. ಮಧ್ಯಾಹ್ನ ಪರದೆ ಸರಿಯಿತು, ರಂಗಪ್ರವೇಶ... ಬೋಟಿನ ಎಂಜಿನ್! ಅಮರಗೋಳದ ನನ್ನ ಗ್ಯಾರೇಜಿಗೆ ಮೂವತ್ತೊಂದು ವರ್ಷದಲ್ಲಿ ಇಂಥ ಪಾತ್ರ ಬಂದದ್ದು ಇದೇ ಮೊದಲು. ಟಂಟಂ ಗಾಡಿಯಲ್ಲಿ ಹಾಕಿಸಿಕೊಂಡು ತಂದವಳು ಮಗಳು ದಾಕ್ಷಾಯಿಣಿ.

ಸುಳ್ಳ ಎಂಬ ಹಳ್ಳಿಯಲ್ಲಿ ನರ್ಸು ಅವಳು. ಹೋದ ಮಳೆಗಾಲ ಹಳ್ಳ ತುಂಬಿ ಆಚೆ ದಂಡೆಯ ಹೊಲದಮನೆಗಳಿಗೆ ಎರಡು ದಿನ ಯಾರೂ ಹೋಗಲಾಗಲಿಲ್ಲ. ಮೂರನೆಯ ದಿನ ಇವಳು ಟ್ರ್ಯಾಕ್ಟರ್ ಟ್ಯೂಬಿನ ಮೇಲೆ ಕೂತು ದಾಟಿದಳಂತೆ. ನಮಗೆ ಗೊತ್ತಾದದ್ದು ದೀಪಾವಳಿಗೆ. ಈ ಸಲ ಊರ ಹೆಂಗಸರ ಸಂಘದವರು ಕಾರವಾರದಿಂದ ಹಳೆಯ ಬೋಟು ತಂದಿದ್ದಾರೆ. ಎಂಜಿನ್ ಐದು ನಿಮಿಷಕ್ಕೆ ಕಾದು ನಿಂತುಬಿಡುತ್ತದೆ.

"ಅಪ್ಪಾ, ಹಳ್ಳ ತುಂಬಿ ಬರೂದ್ರಾಗ ಆಗಬೇಕ ನೋಡು."

"ಆಗಲಿಲ್ಲಂದ್ರ?"

"ಹುಟ್ಟು ಹಾಕ್ಕೋತ ಹೋಗ್ತೇನಿ."

ನಕ್ಕಳು. ನಾನು ನಗಲಿಲ್ಲ. ಆ ನೀರಿನ ಸೆಳವಿಗೆ ಹುಟ್ಟು ಯಾವ ಲೆಕ್ಕ?

ಜೂನ್ ೩

ರೋಗ ಸಿಕ್ಕಿತು. ಎಂಜಿನ್ ತಂಪು ಮಾಡುವ ನೀರಿನ ದಾರಿಯಲ್ಲಿ ಸಮುದ್ರದ ಉಪ್ಪು ಕಟ್ಟಿದೆ. ಅದರ ಮುಚ್ಚಳಕ್ಕೆ ನಾಲ್ಕು ಬೋಲ್ಟು, ಕಿರುಬೆರಳಿಗಿಂತ ಸಣ್ಣವು. ಮೂರು ಬಂದವು. ನಾಲ್ಕನೆಯದು ಖಳನಾಯಕ.

ಮಾರ್ಕೆಟ್ ಯಾರ್ಡಿನ ಹಮಾಲರು ಬೋಟಿನ ಎಂಜಿನ್ ನೋಡಲು ಸುತ್ತ ನಿಂತಿದ್ದರು. ಕಂಪನಿ ನಾಟಕದ ಪೇಟಿ ಮಾಸ್ತರನ ಮಗ ನಾನು, ಪರದೆಯ ಹಿಂದೆ ತೊಟ್ಟಿಲಲ್ಲಿ ಬೆಳೆದವನು. ನಾಲ್ಕು ಮಂದಿ ನಿಂತರೆ ಸುಮ್ಮನಿರಲಾದೀತೇ? ಬೋಲ್ಟು ತಿರುವುವ ಪಾನಾಕ್ಕೆ, ಜೋರು ಹೆಚ್ಚಲೆಂದು, ಮೂರಡಿ ಪೈಪು ತೊಡಿಸಿದೆ. ಎದೆಯುಬ್ಬಿಸಿದೆ. "ಎಲೈ ತುಕ್ಕು ಹಿಡಿದ ತುಂಡೇ! ಅಮರಗೋಳದ ಗುರುಶಿದ್ದಪ್ಪನ ಭುಜಬಲವನ್ನು ಅರಿಯದೆ..."

ಟಕ್.

ಬಂತು ಎಂದುಕೊಂಡೆ. ಬಂದದ್ದು ತಲೆ ಮಾತ್ರ. ಮುಂಡ ಒಳಗೇ ಉಳಿಯಿತು, ಮಟ್ಟಸವಾಗಿ. ಹಮಾಲನೊಬ್ಬ "ಒನ್ಸ್ ಮೋರ್!" ಎಂದ.

ಪಂಪ್‌ಸೆಟ್ಟಿನ ಬೀಡು ಕಬ್ಬಿಣಕ್ಕೆ ಒಗ್ಗಿದ ಕೈ. ಇದು ಅಲ್ಯುಮಿನಿಯಂ, ಮೇಲೆ ಸಮುದ್ರದ ಉಪ್ಪು; ಜೋರು ಮಾಡಿದರೆ ಬೋಲ್ಟು ಮುರಿಯುತ್ತದೆ. ಗೊತ್ತಿತ್ತು. ಆದರೂ...

ಜೂನ್ ೪

ಡ್ರಿಲ್ ಹಾಕಿ, ಒಳಗಿನಿಂದ ಕಚ್ಚಿ ಉಲ್ಟಾ ತಿರುವುವ ಕಡ್ಡಿ ಇಳಿಸಿದೆ. ಕಡ್ಡಿಯೂ ಮುರಿಯಿತು. ಅದರ ಉಕ್ಕಿಗೆ ಈಗ ಡ್ರಿಲ್ಲೂ ಹತ್ತುವುದಿಲ್ಲ. ಮುರುಕಿನೊಳಗೆ ಮುರುಕು. ಭಲೆ.

ಜೂನ್ ೫, ಸಂಜೆ

ದಾಕ್ಷಾಯಿಣಿಯ ಫೋನು. "ಎಲ್ಲಿಗಿ ಬಂತು?" ಎಂಬತ್ತು ಪರ್ಸೆಂಟ್ ಮುಗಿದಿದೆ ಎಂದೆ. ಎಷ್ಟು ಖಡಕ್ಕಾಗಿ ಹೇಳಿದೆನೆಂದರೆ ನನಗೇ ನಂಬಿಕೆ ಬಂತು.

ಹೆಂಡತಿ ರತ್ನವ್ವ ಒಲೆಯ ಮುಂದಿನಿಂದಲೇ ಅಂದಳು: "ಮಗಳ ಮುಂದ ಯಾಕ ನಾಟಕ ಹಚ್ಚೀರಿ? ಗ್ವಾಡಿ ಆಚೆ ಇದ್ದಾನಲ್ರಿ ಮಾಡಾಂವ. ಹೋಗಿ ಕೇಳ್ರಿ."

ಗೋಡೆಯಾಚೆ ಅಬ್ದುಲಗನಿಯ ಲೇತ್ ಅಂಗಡಿ. ಅವನ ವೆಲ್ಡಿಂಗ್ ಕೈಗೆ ಹುಬ್ಬಳ್ಳಿ-ಧಾರವಾಡದಲ್ಲಿ ಜೋಡಿಯಿಲ್ಲ. ಎರಡು ವರ್ಷದಿಂದ ನಮ್ಮಿಬ್ಬರಿಗೆ ಮಾತಿಲ್ಲ.

ಬರೆದೇ ಬಿಡುತ್ತೇನೆ, ಯಾರು ಓದಬೇಕು ಇದನ್ನು? ಅವನ ಮಗನ ಮದುವೆ. ಮೈಕು ನನ್ನ ಕೈಗೆ ಬಂತು. ಹರೆಯದಲ್ಲಿ ನಾವಿಬ್ಬರೂ ಆಡಿದ ನಾಟಕದ ಕಥೆ ತೆಗೆದೆ. ಮಂತ್ರಿಯ ಪಾರ್ಟು ಅವನದು. ಅಕ್ಷರ ಬಾರದು. ನಾನು ಓದಬೇಕು, ಅವನು ಕೇಳಬೇಕು. ಹದಿನೈದು ದಿನದಲ್ಲಿ ಮೂರು ತಾಸಿನ ನಾಟಕ ಪೂರಾ ಬಾಯಿಪಾಠ, ತನ್ನದಷ್ಟೇ ಅಲ್ಲ, ಎಲ್ಲರದೂ! "ಒಂದಕ್ಷರ ಓದಾಕ ಬರದ ಮನಶಾ!" ಎಂದು ಗುಡುಗಿದೆ. ಹೊಗಳಿಕೆ ಎಂದೇ ತಿಳಿದಿದ್ದೆ. ಹೆಣ್ಣಿನ ಕಡೆಯವರೆಲ್ಲ ಸಾಲಿ ಮಾಸ್ತರರು. ಅವರಿಗೆ ಆ ಸಂಗತಿ ಅವನು ಹೇಳಿರಲಿಲ್ಲ. ನಕ್ಕರು. ಅಬ್ದುಲಗನಿ ತನ್ನ ಅಂಗೈ ನೋಡುತ್ತ ಕೂತ.

ಜೂನ್ ೭

ಬಕ್ರೀದ್. ಲೇತ್ ಅಂಗಡಿ ಬಂದ್. ನಾಳೆಯೂ ತೆರೆಯುವುದಿಲ್ಲ. ಪಡುವಣಕ್ಕೆ ಮೋಡ. ಎಂಜಿನ್ ಸುತ್ತ ಎಷ್ಟು ಸಲ ತಿರುಗಿದೆನೋ. ಸೀಮೆಎಣ್ಣೆ ಬಿಟ್ಟೆ, ಬಡಿದೆ, ಬೈದೆ. ಅವನ ಮನೆಯ ತಿರುವಿನವರೆಗೆ ಗಾಡಿ ಓಡಿಸಿದೆ. ತಿರುವಿನಿಂದ ವಾಪಸು ಬಂದೆ.

ಜೂನ್ ೯, ಸೋಮವಾರ

ಹೋದೆ. ಎಂಜಿನ್ನನ್ನು ಕೈಗಾಡಿಯ ಮೇಲಿಟ್ಟು ನೂಕಿಕೊಂಡು ಅವನ ಅಂಗಡಿಯ ಬಾಗಿಲಲ್ಲಿ ನಿಂತೆ. ದಾರಿಯುದ್ದಕ್ಕೂ ಭಾಷಣ ಕಟ್ಟಿದ್ದೆ: ಗೆಳೆತನ, ವಿಧಿ, ಒಂದು ಕಂದಪದ್ಯ.

ಅವನು ಎಂಜಿನ್ ಕಡೆ ನೋಡಿದ, ನನ್ನ ಕಡೆ ಅಲ್ಲ.

"ಯಾರದು?"

"ದಾಕ್ಷಾಯಿಣೀದು. ಹಳ್ಳ ದಾಟಾಕ. ಅಬ್ದುಲಗನೀ, ಆವತ್ತ ಮದವ್ಯಾಗ ನಾ..."

"ಲೇ ಗುರು." ಕೈ ಅಡ್ಡ ಹಿಡಿದ. "ಆ ಹುಡುಗಿ ಸಲುವಾಗಿ ಮಾಡ್ತೇನಿ. ಒಂದ ಮಾತು. ಬೋಲ್ಟ್ ಹೊರಗ ಬರೂತನಕ ನೀ ತುಟಿ ಪಿಟ್ ಅನಬಾರದು. ಅಂದ್ರ ಗಾಡಿ ನೂಕ್ಕೊಂಡು ಹೊಂಟುಬಿಡು."

ಬಾಯಿ ತೆರೆದೆ. ಮುಚ್ಚಿದೆ. ಆಗಲಿ ಎಂಬಂತೆ ತಲೆಯಾಡಿಸಿದೆ.

ಜೂನ್ ೧೦

ಹತ್ತರಿಂದ ನಾಲ್ಕೂವರೆ. ಆರೂವರೆ ತಾಸು ಮೌನ! ನನ್ನ ಅರವತ್ತು ವರ್ಷದ ಆಯುಷ್ಯದಲ್ಲಿ ನಿದ್ದೆ ಬಿಟ್ಟರೆ ಇದೇ ದೊಡ್ಡದು.

ಮುರುಕಿನ ಮೇಲೆ ವೆಲ್ಡಿಂಗಿನ ಹನಿ ಹನಿ ಇಟ್ಟು ಸಣ್ಣ ಗುಡ್ಡೆ ಎಬ್ಬಿಸಿದ. ಅದರ ಮೇಲೆ ನಟ್ಟು ಕೂರಿಸಿ ಬೆಸೆದ. ತಿರುವಿದ. ನಟ್ಟು ಕಿತ್ತು ಬಂತು. ಮತ್ತೆ. ಮತ್ತೆ ಕಿತ್ತಿತು. ನನ್ನ ಗಂಟಲಲ್ಲಿ ಸಲಹೆಗಳು ಗುದ್ದಾಡುತ್ತಿದ್ದವು. ಕೆಳಗೆ ಕೂತೆ, ಎದ್ದೆ, ಮಸಿಯರಿವೆ ಕಚ್ಚಿದೆ. ಚಹಾ ತಂದ ಅವನ ಹೆಂಡತಿ ಅಬೀದಾ ಕೇಳಿದಳು: "ಯಾಕ್ರಿ ಅಣ್ಣಾರ, ಹಲ್ಲು ಬ್ಯಾನೀನ?" ಹೂಂ ಎನ್ನುವಂತೆಯೂ ಇಲ್ಲ. ಅಬ್ದುಲಗನಿಯ ಮೀಸೆಯ ಕೆಳಗೆ ಏನೋ ಅಲುಗಿತು.

ಐದನೆಯ ನಟ್ಟು. ಬಿಸಿಯಿರುವಾಗಲೇ ಮೇಣದಬತ್ತಿ ಒತ್ತಿದ. ಮೇಣ ಕರಗಿ ಸಂದಿಗೆ ಇಳಿಯಿತು. ಸಣ್ಣ ಪಾನಾ. ಎರಡೇ ಬೆರಳು. ಮೊದಲು ಬಿಗಿಯುವ ಕಡೆ ಒಂದು ಕೂದಲೆಳೆ, ಆಮೇಲೆ ಬಿಚ್ಚುವ ಕಡೆ ಒಂದು ಕೂದಲೆಳೆ. ಕಣ್ಣು ಮುಚ್ಚಿದ್ದ. ಕಿವಿ ಎಂಜಿನ್ನಿಗೆ ಹತ್ತಿರ.

ಕುಂಯ್.

ನಿಂತ. ಹಿಂದಕ್ಕೆ ಬಿಟ್ಟ. ಮತ್ತೆ... ಕುಂಯ್.

"ಕೇಳ್ತ?" ಎಂದ ಕಣ್ಣು ತೆರೆಯದೆ. "ಹಿಂಗ ಅಳಾಕತ್ತಿತಂದ್ರ ಬರಾಕತ್ತೇತಿ. ಅಳೂದು ನಿಂತು ಕೈಗೆ ಮೆತ್ತಗ ಹತ್ತಿತಂದ್ರ ಮುರೀತೇತಿ. ಆವತ್ತ ಹಮಾಲರ ಮುಂದ ನೀ ಒದರಾಕತ್ತಿದ್ದಿ. ನಿನ್ನ ಡೈಲಾಗಿನ ಸಂದ್ಯಾಗ ಅದು ಸುಮ್ಮನಾಗಿದ್ದು ಗ್ವಾಡಿ ಈಚಿಗೆ ನನಗ ಕೇಳ್ತು." ಪಾನಾ ನಿಲ್ಲಿಸಿದ. "ಬಿಡಲೇ ಅಂತ ಕೂಗಾಕ ಎದ್ದಿದ್ದೆ. ಕೂಗಲಿಲ್ಲ. ಮುರೀಲಿ ಅಂದೆ. ದಾಕ್ಷಾಯಿಣೀದು ಅಂತ ಗೊತ್ತಿರಲಿಲ್ಲ."

ನಾಲ್ಕೂವರೆಗೆ ಬಂತು. ಕರ್ರಗೆ, ವಕ್ರವಾಗಿ, ಉಪ್ಪಿನ ಬೂದಿ ಬಳಿದುಕೊಂಡು. ನನ್ನ ಅಂಗೈಯಲ್ಲಿಟ್ಟ.

"ಈಗ ಮಾತಾಡು."

ಕಂದಪದ್ಯ ಎಲ್ಲಿ ಹೋಯಿತೋ. "ಮೈಕಿನ್ಯಾಗ ಅದನ್ನ ಹೇಳಬಾರದಿತ್ತು," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಕೈ ಒರೆಸಿಕೊಂಡ. "ಇಷ್ಟ ಸಣ್ಣ ಡೈಲಾಗ್ ನಿನ್ನ ಬಾಯಾಗ ಮೊದಲ್ನೇ ಸಲ ಕೇಳಿದೆ ನೋಡು." ಕ್ಷಮಿಸಿದೆ ಎಂದೇನೂ ಅನ್ನಲಿಲ್ಲ. ಹೊಸ ಬೋಲ್ಟು ಅವನೇ ಹುಡುಕಿ ಕೊಟ್ಟ.

ಜೂನ್ ೧೨, ಗುರುವಾರ. ಸುಳ್ಳ, ಹಳ್ಳದ ದಂಡೆ. ಸಂಜೆ ೫-೪೦

ನಿನ್ನೆಯಿಂದ ಬಿಟ್ಟೂಬಿಡದ ಮಳೆ. ನಿನ್ನೆ ಎಂಜಿನ್ ಜೋಡಿಸಿ ಡ್ರಮ್ಮಿನ ನೀರಲ್ಲಿ ಅರ್ಧ ತಾಸು ಓಡಿಸಿದೆವು, ಕಾಯಲಿಲ್ಲ. ಇಂದು ಟೆಂಪೊದಲ್ಲಿ ತಂದು ಬೋಟಿಗೆ ಕೂರಿಸಿದೆವು. "ನಾನೂ ಬರ್ತೇನಿ, ನೀರಾಗ ಅದರ ದನಿ ಕೇಳಬೇಕು," ಎಂದು ಅಬ್ದುಲಗನಿ ತಾನಾಗಿಯೇ ಹತ್ತಿ ಕೂತಿದ್ದ. ದಾರಿಯಲ್ಲಿ ಒಟ್ಟು ಆರು ಮಾತು. ಎಣಿಸಿದ್ದೇನೆ.

ಪರೀಕ್ಷೆಗೆ ಪುರುಸೊತ್ತೇ ಸಿಗಲಿಲ್ಲ. ಆಚೆ ದಂಡೆಯಲ್ಲಿ ಮುದುಕ ಶಾಂತಯ್ಯನವರಿಗೆ ದಮ್ಮು ಹತ್ತಿದೆ ಎಂದು ಫೋನು. ದಾಕ್ಷಾಯಿಣಿ ಔಷಧದ ಪೆಟ್ಟಿಗೆಯೊಂದಿಗೆ ಬೋಟು ಹತ್ತಿದಳು, ನಡೆಸಲು ಊರಿನ ಕಲ್ಲೇಶ. "ಈ ಸಲ ಎಂಬತ್ತು ಪರ್ಸೆಂಟ್ ಅಲ್ಲ, ಹೌದಿಲ್ಲೋ ಅಪ್ಪಾ?" ಎಂದು ಕಣ್ಣು ಹೊಡೆದಳು. ರತ್ನವ್ವ ಹೇಳಿಬಿಟ್ಟಿದ್ದಾಳೆ.

ಎಂಜಿನ್ನಿನ ಸದ್ದು ಮಳೆಯಲ್ಲಿ ದೂರವಾಗುತ್ತ ಹೋಯಿತು. ಆಮೇಲೆ ನಿಂತಿತು. ಆಚೆ ದಂಡೆ ಮುಟ್ಟಿ ಆರಿಸಿರಬೇಕು. ಅಥವಾ...

ಇಪ್ಪತ್ತು ನಿಮಿಷದ ಕೆಲಸ. ನಲವತ್ತಾಯಿತು. ಫೋನು ಹತ್ತುತ್ತಿಲ್ಲ. ಕೆಂಪು ನೀರಲ್ಲಿ ಇಡೀ ಜಾಲಿಗಿಡವೊಂದು ತೇಲಿ ಹೋಯಿತು.

ಕೂಗಲೇ? ಮೈಕಿಲ್ಲದೆ ಕೊನೆಯ ಸಾಲಿಗೆ ಮುಟ್ಟಿಸಿದ ಗಂಟಲು ಇದು, ಆಚೆ ದಂಡೆಗೂ ಮುಟ್ಟೀತು. ಆದರೆ ಕೂಗಿದರೆ ಅಬ್ದುಲಗನಿಗೆ ಎಂಜಿನ್ ಕೇಳಿಸುವುದಿಲ್ಲ. ನೀರಿನ ಅಂಚಿನಲ್ಲಿ ತಲೆ ವಾಲಿಸಿ, ಕಣ್ಣು ಮುಚ್ಚಿ ನಿಂತಿದ್ದಾನೆ. ಅದಕ್ಕೇ ಟೆಂಪೊದಲ್ಲಿ ಕೂತು ಬರೆಯುತ್ತಿದ್ದೇನೆ. ಬಾಯಿಗೆ ಬದಲು ಕೈ.

ನಲವತ್ತೆಂಟು ನಿಮಿಷ.

ಅಬ್ದುಲಗನಿ ಕೈ ಎತ್ತಿದ. ಅವನಿಗೆ ಏನೋ ಕೇಳಿಸಿರಬೇಕು. ನನಗೇನೂ ಕೇಳುತ್ತಿಲ್ಲ, ಮಳೆ, ಮಳೆ... ನನ್ನತ್ತ ತಿರುಗಿ, ಪೆನ್ನೂ ನಿಲ್ಲಿಸು ಎನ್ನುವಂತೆ ತುಟಿಯ ಮೇಲೆ ಬೆರಳಿ...