ಮ್ಯಾಟಿನಡಿಯ ನೀರು

ಗುರುವಾರ, 7 ಆಗಸ್ಟ್ 2025

ಆಶಿಕನ ಉಪ್ಪನಿಗೆ,

ಸಲಾಂ. ವಾಟ್ಸಾಪ್ ಇರುವಾಗ ಇವಳಿಗೆಂತ ಕಾಗದ ಬರೆಯುವ ಹುಚ್ಚು ಎಂದು ನೀವು ನಗಬಹುದು. ನಗಿ. ನಾನು ಕಳಿಸಿದ ವಾಯ್ಸ್ ಮೆಸೇಜುಗಳನ್ನು ನೀವು ಕೇಳುವುದಿಲ್ಲ. ಕಾಲ್ ಮಾಡಿದರೆ 'ಮತ್ತೆ ಮಾತಾಡುವ' ಎನ್ನುತ್ತೀರಿ, ಆ 'ಮತ್ತೆ' ಬರುವುದೇ ಇಲ್ಲ. ನಿಮ್ಮ ರೂಮಿನ ರವೂಫ್ ರಜೆ ಮುಗಿಸಿ ಇವತ್ತು ಶಾರ್ಜಾಕ್ಕೆ ಹೊರಟಿದ್ದಾನೆ. ಹಪ್ಪಳದ ಕಟ್ಟಿನ ಜೊತೆ ಇದನ್ನೂ ಅವನ ಕೈಯಲ್ಲಿ ಕೊಡುತ್ತಿದ್ದೇನೆ. ನೀವು ಓದಿ ಮುಗಿಸದೆ ಹಪ್ಪಳ ಕೊಡಬೇಡ ಎಂದು ಹೇಳಿದ್ದೇನೆ.

ನಾಳೆ ಜುಮಾ ಮುಗಿದ ಮೇಲೆ ನಿಮ್ಮ ಅಕ್ಕ ನಶೀದಾ ಮಂಗಳೂರಿನಿಂದ ಕಡಬಕ್ಕೆ ಬಂದು ಆಶಿಕನನ್ನು ಕರೆದುಕೊಂಡು ಹೋಗಬೇಕೆಂದು ನೀವೇ ನಿಶ್ಚಯ ಮಾಡಿದ್ದೀರಿ. ಇನ್ನು ಮುಂದೆ ಅಲ್ಲಿನ ಶಾಲೆ, ಅಲ್ಲಿನ ಊಟ, ಅಲ್ಲಿಯೇ ನಿದ್ದೆ. ನಮ್ಮ ಆರು ವರ್ಷದ ಮಗ! ಕಾರಣ ನಾನಂತೆ. ನನಗೆ ಮನೆ ಚೊಕ್ಕ ಇಡಲಿಕ್ಕೆ ಬರುವುದಿಲ್ಲವಂತೆ, ಅದಕ್ಕೇ ಅವನಿಗೆ ಉಬ್ಬಸವಂತೆ. ಅವನ ಉಸಿರು ಕಟ್ಟಿದಾಗ ನಾನು ಹೆದರುತ್ತೇನೆ, ನಿಜ. ಆದರೆ ನಾನಿಲ್ಲದ ಮನೆಯಲ್ಲಿ ಅವನ ಉಸಿರು ಕಟ್ಟಿದರೆ ಏನು ಎಂದು ನೆನೆದರೆ ನನ್ನ ಉಸಿರೇ ನಿಲ್ಲುತ್ತದೆ.

ಆ ಉಬ್ಬಸ ಎಲ್ಲಿಂದ ಬಂತೆಂದು ಈಗ ನನಗೆ ಗೊತ್ತುಂಟು. ನಿಮ್ಮ ಕಾರಿನಿಂದ. ಸಿಟ್ಟು ಮಾಡಬೇಡಿ, ಪೂರ್ತಿ ಓದಿ.

ಜೂನ್ ತಿಂಗಳಲ್ಲಿ ತಿರುವು ಬಂದಾಗೆಲ್ಲ ಸನ್‌ರೂಫಿನ ಪಕ್ಕದಿಂದ ಆಶಿಕನ ತಲೆಗೆ ತಣ್ಣಗೆ ನೀರು ಬೀಳುತ್ತಿತ್ತಲ್ಲ? ನಾನು ಗ್ಲಾಸು ಮುಚ್ಚಲು ಮರೆತಿದ್ದೇನೆಂದು ನೀವು ಫೋನಿನಲ್ಲೇ ಬೈದಿರಿ. ಮತ್ತೆ ವೀಡಿಯೋ ಕಾಲಿನಲ್ಲಿ ನೋಡಿ ನಿಮಗೇ ಗೊತ್ತಾಯಿತು, ಗ್ಲಾಸಿನ ಮೂಲೆಗಳಲ್ಲಿ ನೀರು ಇಳಿದುಹೋಗುವ ತೂತುಗಳಿವೆ, ಗೇರುಮರದ ಅಡಿಯಲ್ಲಿ ನಿಲ್ಲಿಸಿ ನಿಲ್ಲಿಸಿ ಅದರಲ್ಲಿ ಒಣಗಿದ ಹೂವು, ಕಸ ಎಲ್ಲ ಕಟ್ಟಿಕೊಂಡಿದೆ ಎಂದು. ಆ ಹೊತ್ತಿಗೆ ಕೂಲಿಯ ಸೀನ ಪಕ್ಕದ ತೋಟದಲ್ಲಿ ಅಡಿಕೆಗೆ ಕೊಳೆರೋಗದ ನೀಲಿ ಮದ್ದು ಬಿಡುತ್ತಿದ್ದ. ಅದೇ ಕಾಲಿನಲ್ಲಿ ನೀವೇ ಅವನಿಗೆ ಹೇಳಿದಿರಿ, 'ಆ ಪಂಪಲ್ಲಿ ಒಮ್ಮೆ ಜೋರು ಹೊಡಿ ಮಾರಾಯ, ಕಸ ಎಲ್ಲ ಹಾರಿ ಹೋಗ್ಲಿ' ಎಂದು. 'ಅಡಿಕೆ ಮರದ ತುದಿಗೆ ಮುಟ್ಟುವ ಪ್ರೆಶರ್ ಇದು ಧಣಿ, ಕಾರಿಗೆ ಆಗ್ತದಾ?' ಎಂದು ಅವನು ಎರಡು ಸಲ ಕೇಳಿದ. ಆಗ್ತದೆ ಎಂದಿರಿ. ಅವನು ಹೊಡೆದ. ಒಳಗೆಲ್ಲೋ ಟಪ್ ಎಂದು ಸದ್ದಾಯಿತು. ಕಸ ಹೋದ ಸದ್ದು ಎಂದು ನಾವೆಲ್ಲ ಖುಷಿಪಟ್ಟೆವು.

ಮರುದಿನದಿಂದ ಮೇಲಿನಿಂದ ನೀರು ಬೀಳಲಿಲ್ಲ. ಬದಲಿಗೆ ಕಾರಿನೊಳಗೆ ವಾಸನೆ ಶುರುವಾಯಿತು, ಒದ್ದೆ ಗೋಣಿಚೀಲದ ವಾಸನೆ. ನಿಮ್ಮ ಉಮ್ಮ ಲೋಬಾನದ ಹೊಗೆ ಹಾಕಿದರು. ಬಾಗಿಲು ಮುಚ್ಚಿ ಹೊಗೆ ತುಂಬಿಸಿ, ಅದರಲ್ಲೇ ಮಗುವನ್ನು ಕೂರಿಸಿ ಶಾಲೆಗೆ ಬಿಡಲು ಹೇಳಿದರು. ಬೇಡ ಎಂದದ್ದಕ್ಕೆ ನಾನು ದೊಡ್ಡ ಕಲಿತವಳಾದೆ.

ಉಬ್ಬಸ ಹತ್ತಿಕೊಂಡದ್ದು ಆಮೇಲೆಯೇ. ಮೊದಲು ಸಣ್ಣ ಸೀಟಿಯಂಥ ಸದ್ದು. ಪುತ್ತೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟರೆ ಆಲಂಕಾರು ದಾಟುವಷ್ಟರಲ್ಲಿ ಅದು ಜಾಸ್ತಿಯಾಗುತ್ತಿತ್ತು. ಮಳೆ ಜೋರಿದ್ದ ಒಂದು ದಿನ ಅವನ ತುಟಿ ನೇರಳೆ ಹಣ್ಣು ತಿಂದವರ ಹಾಗೆ ಆಯಿತು. 'ಉಮ್ಮಾ, ಗಾಳಿ ಬರುದಿಲ್ಲ' ಎಂದ. ಥಂಡಿ ತಾಗಬಾರದೆಂದು ನಾನು ಗ್ಲಾಸುಗಳನ್ನು ಇನ್ನೂ ಗಟ್ಟಿ ಏರಿಸಿದೆ. ಎ.ಸಿ. ಜೋರು ಮಾಡಿದೆ. ಯಾ ಅಲ್ಲಾಹ್, ಮಗು ಗಾಳಿಗೆ ಬಾಯಿ ಬಿಡುತ್ತಿದ್ದರೆ ನಾನು ಅದೇ ಗಾಳಿಯನ್ನು ಅವನ ಮುಖಕ್ಕೆ ಊದುತ್ತಿದ್ದೆ! ಮುಂದೆ ನೋಡುವುದೋ ಕನ್ನಡಿಯಲ್ಲಿ ಅವನನ್ನು ನೋಡುವುದೋ ತಿಳಿಯಲಿಲ್ಲ. ಆ ಹೆದರಿಕೆಯನ್ನು ನಿಮಗೆ ಹೇಗೆ ಬರೆಯಲಿ ಹೇಳಿ.

ಆಸ್ಪತ್ರೆಯ ಜಗಲಿಯಲ್ಲಿ ಇಳಿಸಿದರೆ, ಮೂಗಿಗೆ ಮದ್ದಿನ ಆವಿ ಹಿಡಿಯುವ ಮೊದಲೇ ಅವನಿಗೆ ಸ್ವಲ್ಪ ಹಗುರವಾಗುತ್ತಿತ್ತು. ನಾನು ಅದನ್ನು ಅಲ್ಲಾಹುವಿನ ದಯೆ ಎಂದುಕೊಂಡೆ, ಅಷ್ಟೇ. ಮನೆಯಲ್ಲಿ ಪಸೆ ಉಂಟಾ, ಬೂಷ್ಟು ಉಂಟಾ ಎಂದು ಡಾಕ್ಟರು ಕೇಳಿದರು. ನಿಮ್ಮ ಉಮ್ಮ ಆ ಮಾತನ್ನು ನಿಮಗೆ ಹೇಗೆ ಮುಟ್ಟಿಸಿದರೋ ಗೊತ್ತಿಲ್ಲ, ಅದೇ ಸಂಜೆ ನಿಮ್ಮ ತೀರ್ಮಾನ ಬಂತು. ನಾನು ಗೋಡೆ ಉಜ್ಜಿದೆ, ಹಾಸಿಗೆ ಒಣಗಿಸಿದೆ, ಪರದೆ ತೆಗೆದೆ. ಬೂಷ್ಟು ಮನೆಯಲ್ಲಿ ಎಲ್ಲಿತ್ತು ಸಿಗಲಿಕ್ಕೆ?

ಕಳೆದ ವಾರ ಕಾರು ಸ್ಟಾರ್ಟ್ ಆಗಲಿಲ್ಲ. ಮಗುವಿಗೆ ಸೀಟಿ ಹೊಡೆಯುತ್ತಿತ್ತು. ಸಿಕ್ಕಿದ ಜೀಪಿನಲ್ಲಿ, ಎರಡೂ ಕಡೆ ಟಾರ್ಪಾಲು ಪಟಪಟ ಬಡಿಯುವ ಹಾಗೆ ಹೋದೆವು. ಇವತ್ತು ಇವನು ಉಳಿಯುವುದಿಲ್ಲ ಎಂದೇ ಅಂದುಕೊಂಡಿದ್ದೆ. ಆದರೆ ಆಲಂಕಾರಿನಲ್ಲೇ ಸೀಟಿ ನಿಂತು ಅವನು ನನ್ನ ಮಡಿಲಲ್ಲಿ ನಿದ್ದೆ ಹೋದ. ಪುತ್ತೂರು ಮುಟ್ಟುವಾಗ ಎದ್ದು ಕುಡಿಯಲಿಕ್ಕೆ ಬೋಂಡ ಬೇಕೆಂದ.

ವಾಪಸು ಬಂದವಳು ಸೀದಾ ಕಾರಿನ ಹತ್ತಿರ ಹೋದೆ. ಮ್ಯಾಟ್ ಎತ್ತಿದೆ, ಅದರಡಿಯ ಕಾರ್ಪೆಟ್ ಒತ್ತಿದೆ, ಬೆರಳುಗಳ ನಡುವೆ ನೀರು ಎದ್ದಿತು. ಆಶಿಕ್ ಕೂರುವ ಜಾಗದಲ್ಲಿ ಎಳೆದು ನೋಡಿದರೆ ಅಡಿಯ ಸ್ಪಂಜಿನ ತುಂಬ ಬಿಳಿ, ಹಸುರು ಬೂಷ್ಟು, ಬೆರಳು ಮುಳುಗುವಷ್ಟು. ಅವನು ಆ ಜಾಗದಲ್ಲಿ ಚಪ್ಪಲಿ ಬಿಚ್ಚಿ ಕಾಲು ಆಡಿಸುತ್ತಿದ್ದ.

ಕಬಕದ ಗ್ಯಾರೇಜಿನಿಂದ ಮನೆಗೆ ಕರೆಸಿದ ಶ್ರೀಕೃಷ್ಣನದ್ದೂ ನಿಮ್ಮದೇ ಮಾತು. 'ಅಕ್ಕಾ, ನೀವು ಗ್ಲಾಸ್ ಓಪನ್ ಇಟ್ಟು ಮರ್ತದ್ದು' ಎಂದ. ನಾನು ಅವನೆದುರೇ ಗ್ಲಾಸು ಸರಿಸಿ ಒಂದೊಂದು ಮೂಲೆಗೂ ಚೊಂಬಿನಿಂದ ನೀರು ಹೊಯ್ದೆ. ಬಲಗಡೆಯದ್ದು ಚಕ್ರದ ಹತ್ತಿರ ಹೊರಗೆ ಬಿತ್ತು. ಎಡಗಡೆಯದ್ದು ಹೊರಗೆ ಬರಲೇ ಇಲ್ಲ, ಕಾರಿನೊಳಗೆ ಆಶಿಕ್ ಕಾಲಿಡುವಲ್ಲಿ ಬಂತು. ಬಾಗಿಲ ಪಕ್ಕದ ಕವರು ಬಿಚ್ಚಿಸಿದರೆ ನೀರಿಳಿಯುವ ಪೈಪು ಬುಡದಲ್ಲಿ ಕಳಚಿ ನೇತಾಡುತ್ತಿತ್ತು, ಅದರ ಸುತ್ತ ಮದ್ದಿನ ನೀಲಿ ಕಲೆ. ಅವನು ಪೈಪನ್ನು ಸೇರಿಸಿ ಕ್ಲಿಪ್ ಹಾಕಿದ, ಬ್ಯಾಟರಿ ಬದಲಿಸಿದ. ಸ್ಪಂಜು, ಕಾರ್ಪೆಟ್ ಎಲ್ಲ ಕಿತ್ತು ಬಿಸಾಡಿಸಿದೆ. ಈಗ ನಿಮ್ಮ ಚಂದದ ಕಾರಿನ ಅಡಿಯಲ್ಲಿ ಬರೀ ತಗಡು.

ನಾನು ಯಾರ ತಪ್ಪು ಎಂದು ಎಣಿಸಲು ಕೂತಿಲ್ಲ. ಸೀನನ ಮೇಲೆ ಬೀಳಬೇಡಿ, ಅವನು ಕೇಳಿದ್ದ. ಮಗುವಿಗೆ ಕಾಯಿಲೆ ಮಾಡಿದ್ದು ನನ್ನ ಮನೆಯಲ್ಲ ಎಂದು ನಿಮ್ಮ ಬಾಯಿಂದ ಬರಲಿ, ಸಾಕು. ಇದನ್ನೆಲ್ಲ ನಿಮ್ಮ ಉಮ್ಮನಿಗೆ ಹೇಳಿದೆ. ಮಗನ ಮಾತು ಬದಲಾಗುವುದಿಲ್ಲ ಎಂದರು. ನಶೀದಾ ಅವನಿಗೆ ಹೊಸ ಬ್ಯಾಗು ತೆಗೆದಿದ್ದಾರಂತೆ. ಅವರು ಕೆಟ್ಟವರಲ್ಲ, ಆದರೆ ಸೀಟಿ ಶುರುವಾಗುವ ಮೊದಲು ಅವನು ಗಂಟಲು ಕೆರೆದುಕೊಳ್ಳುತ್ತಾನೆ ಎಂದು ಅವರಿಗೆ ಯಾರು ಹೇಳುವುದು?

ಓದಿದ ಕೂಡಲೇ ಅವರಿಗೆ ಕಾಲ್ ಮಾಡಿ, ಬರುವುದು ಬೇಡ ಎನ್ನಿ. ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಬರೆಯಬೇಕೆಂದಿದ್ದೆ. ಕೈ ಬರುತ್ತಿಲ್ಲ.

ನಿಮ್ಮ ಆರೋಗ್ಯ ನೋಡಿಕೊಳ್ಳಿ, ಬಿಸಿಲಲ್ಲಿ ತಿರುಗಬೇಡಿ.

ನಿಮ್ಮವಳೇ,
ಮುಫೀದಾ

ಮರೆತ ಮಾತು: ನಶೀದಾ ಕಡಬಕ್ಕೆ ಬಂದರೂ ಆಶಿಕ್ ಅಲ್ಲಿ ಸಿಗುವುದಿಲ್ಲ. ಡಾಕ್ಟರ ಹತ್ತಿರ ಹೋಗುತ್ತೇನೆಂದು ನಿಮ್ಮ ಉಮ್ಮನಿಗೆ ಸುಳ್ಳು ಹೇಳಿ, ಅದೇ ಕಾರಿನಲ್ಲಿ ಅವನನ್ನು ಕೂರಿಸಿಕೊಂಡು ಸುಳ್ಯಕ್ಕೆ ನನ್ನ ಉಮ್ಮನ ಮನೆಗೆ ಬಂದಿದ್ದೇನೆ. ಇದನ್ನು ಬರೆಯುತ್ತಿರುವುದು ಇಲ್ಲಿಂದಲೇ. ದಾರಿಯುದ್ದಕ್ಕೂ ಮಳೆ. ಹೆದರಿ ಹೆದರಿ ಕನ್ನಡಿಯಲ್ಲಿ ಅವನನ್ನೇ ನೋಡುತ್ತಿದ್ದೆ. ತಗಡಿನ ಮೇಲೆ ಒಂದು ಹನಿ ನೀರಿಲ್ಲ. ಅವನು ಬಾಯಿ ಮುಚ್ಚಿಕೊಂಡು ನಿದ್ದೆ ಮಾಡಿದ. ಅವನು ಹಾಗೆ ಮಲಗಿದ್ದನ್ನು ಈ ಮಳೆಗಾಲದಲ್ಲಿ ನಾನು ನೋಡಿದ್ದು ಇದೇ ಮೊದಲು. ನೀವು ಬೇಡ ಎಂದು ನಶೀದಾಗೆ ಹೇಳುವ ತನಕ ನಾವು ಕಡಬಕ್ಕೆ ಬರುವುದಿಲ್ಲ.