ಅಮಾವಾಸ್ಯೆಯ ನೀರು

ನದಿ ಶಕೆ ಇನ್ನೂರ ಹನ್ನೆರಡು, ಹದಿಮೂರನೆಯ ತಿಂಗಳ ಬಿದಿಗೆ
ಹೊಳೆಸಾಲೂರು

ಸುವರ್ಣಜ್ಜಿಯವರಿಗೆ ನಮಸ್ಕಾರಗಳು.

ನಿಮಗಿನ್ನೂ ಮೂವತ್ತು ತುಂಬಿಲ್ಲ, ಅಜ್ಜಿ ಎಂದದ್ದಕ್ಕೆ ಕೋಪ ಬೇಡ. ನನಗೆ ನೀವು ಅಜ್ಜಿಯ ಅಜ್ಜಿಗೂ ಅಜ್ಜಿ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ, ನಿಮ್ಮ ಕಾಲದ ಕನ್ನಡವನ್ನು ಕಲಿತು ಬರೆಯುತ್ತಿದ್ದೇನೆ. ನೀವು ಆರಂಭಿಸಿದ ಕೆಲಸವೇ ನನ್ನದೂ: ತಿಂಗಳಿಗೊಮ್ಮೆ ಹೊಳೆಯ ನೀರು ತಂದು ಪರೀಕ್ಷಿಸುವುದು. ನಮ್ಮನ್ನು ನೀರಗಂಟಿಗಳು ಎನ್ನುತ್ತಾರೆ.

ಇಲ್ಲಿ ಎಲ್ಲರ ಕೈಗೂ ಮೈಗೂ ಜೋಮು. ನಿಮಗೆ ಕಾಲು ಮಡಚಿ ಕೂತಾಗ ಹಿಡಿದು ಆಮೇಲೆ ಬಿಡುತ್ತದಲ್ಲ, ಅದೇ. ನಮಗೆ ಬಿಡುವುದಿಲ್ಲ. ರೊಟ್ಟಿ ಬೇಯಿಸುವಾಗ ಕೈ ಸುಟ್ಟದ್ದು ವಾಸನೆಯಿಂದ ತಿಳಿಯುತ್ತದೆ. ಅಂಗಿಗೆ ಗುಂಡಿಯಿಲ್ಲ, ದಪ್ಪ ಕಸೆ ಕಟ್ಟುತ್ತೇವೆ. ಮಕ್ಕಳ ಮೈ ಬಿಸಿಯಿದೆಯೋ ನೋಡಲು, ಬಾವಿ ನೀರು ಕುಡಿಯುವ ಗುಡ್ಡದೂರಿನಿಂದ ಕೈಬಲ್ಲವರು ಬರುತ್ತಾರೆ, ಅಂದರೆ ಮುಟ್ಟಿದರೆ ತಿಳಿಯುವ ಕೈಯವರು. ಇದನ್ನು ಅಳುತ್ತಾ ಬರೆಯುತ್ತಿಲ್ಲ. ದುಃಖಕ್ಕೂ ಜೋಮು ಹಿಡಿದಿದೆ.

ಮೊನ್ನೆ ಅಮಾವಾಸ್ಯೆ. ನನ್ನ ಮಗಳು ನೀಲಾ ದಿನವಿಡೀ ನನ್ನ ತೊಡೆಯ ಮೇಲೆ ಮಲಗಿದ್ದಳು. ನಿದ್ದೆಯೆಂದುಕೊಂಡೆ. ಸಂಜೆ ಬಂದ ಕೈಬಲ್ಲ ಫಕೀರವ್ವ ಹಣೆ ಮುಟ್ಟಿ, “ಮೈ ಕೆಂಡ ಆಗೈತಿ. ತೊಡಿ ಮ್ಯಾಲ ಇಟ್ಕೊಂಡ್ರೂ ಗೊತ್ತಾಗ್ಲಿಲ್ಲೇನವ್ವಾ?” ಎಂದಳು. ಗೊತ್ತಾಗಿರಲಿಲ್ಲ. ಜ್ವರ ಈಗ ಇಳಿದಿದೆಯಂತೆ. ಅವಳಿನ್ನೂ ಮಾತಾಡುತ್ತಿಲ್ಲ.

ಆ ಗಡಿಬಿಡಿಯಲ್ಲಿ ಅಮಾವಾಸ್ಯೆಯ ನೀರು ತಪ್ಪಿತು, ನಿನ್ನೆ ಪಾಡ್ಯದಂದು ತಂದೆ. ಪರೀಕ್ಷೆಯ ಕಾಗದ ಎಂದೂ ತೋರದ ಬಣ್ಣ ತೋರಿತು. ಅಲ್ಲಿಯತನಕ ನಮ್ಮ ಫಲಿತಾಂಶ ಸದಾ ಚೊಕ್ಕಟ. ನೀವು ಅಮಾವಾಸ್ಯೆಗೆ ಸೀಸೆ ತುಂಬಿಸುತ್ತೀರಿ, ಅಂದು ಹೊಳೆಗೆ ದೀಪ ಬಿಡುವವರ ದೋಣಿ ಸಿಗುತ್ತದೆಂದು. ಅದೇ ದಿನ ಹೊಳೆಯ ಮೇಲ್ಭಾಗದ ಕಾರ್ಖಾನೆಗಳಲ್ಲಿ ಯಂತ್ರಕ್ಕೆ ಕಾಯಿ ಒಡೆದು ರಜೆ ಕೊಡುತ್ತಾರೆ, ವಿಷನೀರು ಬಿಡುವ ಕೊಳವೆಗಳು ಒಣಗಿರುತ್ತವೆ. ದಿನ ಬದಲಾದರೆ ಹಳೆಯ ಅಂಕಿಗಳೊಂದಿಗೆ ಹೋಲಿಸಲಾಗದೆಂದು ನಿಮ್ಮ ನಂತರದವರೆಲ್ಲ ಅದೇ ದಿನಕ್ಕೆ ಅಂಟಿಕೊಂಡರು. ಮದುವೆ ಮನೆಗೆ ಬಂದವರನ್ನು ನೋಡಿ, ಈ ಊರಲ್ಲಿ ದಿನಾಲೂ ರೇಷ್ಮೆಯನ್ನೇ ಉಡುತ್ತಾರೆ ಎಂದು ಬರೆದುಕೊಂಡ ಹಾಗಾಯಿತು.

ಒಂದೇ ಬೇಡಿಕೆ. ಬರುವ ಪಾಡ್ಯದ ದಿನವೂ ಹೊಳೆಗೆ ಇಳಿಯಿರಿ. ದೋಣಿ ಸಿಗದಿದ್ದರೆ ದಂಡೆಯಿಂದಲೇ ತುಂಬಿಸಿ. ಹೋಲಿಕೆ ಕೆಟ್ಟರೆ ಕೆಡಲಿ. ನಿಮ್ಮ ಕೂಸಿನ ಜ್ವರ ನಿಮ್ಮ ಅಂಗೈಗೆ ಇನ್ನೂ ತಿಳಿಯುತ್ತದೆ.

ನಾನು ನೀಲಾಳ ಹಣೆಯ ಮೇಲೆ ಎಡಗೈ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಮತ್ತೆ ಬಿಸಿಯಾದರೆ ಯಾರಾದರೂ ಬಂದು ಹೇಳಬೇಕು.

ನಿಮ್ಮ ಕುಡಿ,
ಹೊನ್ನವ್ವ