ಎಡಗೈಗೆ ಬಂದ ನಂಬರ್ ಪ್ಯಾಡ್

ಮನೆಯಿಂದ,
ಭಾನುವಾರ, ಮಾರ್ಚ್ ೧೦

ಪ್ರೀತಿಯ ಇವಳೇ,

ಅತ್ತೆಯವರು ಹೇಗಿದ್ದಾರೆ? ಆಪರೇಷನ್ ಆದ ಮಂಡಿಯ ಮೇಲೆ ಭಾರ ಹಾಕಿ ನಾಲ್ಕು ಹೆಜ್ಜೆಯಾದರೂ ನಡೆಯುತ್ತಿದ್ದಾರಾ? ಅವರನ್ನು ನೋಡಿಕೊಳ್ಳುವ ಭರದಲ್ಲಿ ನೀನು ಊಟ ಬಿಡಬೇಡ. ಒಂದು ದಿನ ಹಾಲು ಉಕ್ಕಿದ್ದು ಬಿಟ್ಟರೆ ನಾವಿಬ್ಬರೂ ಕ್ಷೇಮ.

ಈಗ ಮಗಳ ವಿಷಯ. ಆಸ್ಪತ್ರೆಯ ಲ್ಯಾಬಿನಲ್ಲಿ ರಿಪೋರ್ಟಿನ ಅಂಕಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸಕ್ಕೆ ಒಂದು ತಿಂಗಳು ನೋಡೋಣ ಅಂತ ತಗೊಂಡಿದ್ದರಲ್ಲ, ಮೊದಲ ವಾರವೇ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಅಪಘಾತವಾದಾಗಿನಿಂದ ಅವಳ ಬಲಗೈ ಬೆರಳು ಮಡಚುವುದಿಲ್ಲ. ಅಲ್ಲಿನ ಕೀಬೋರ್ಡಿನಲ್ಲೋ ಅಂಕಿಗಳೆಲ್ಲ ಬಲತುದಿಯಲ್ಲಿ. ಎಡಗೈ ಅಡ್ಡ ಚಾಚಿ ಚಾಚಿ ಭುಜ ಬಿದ್ದುಹೋಗುತ್ತಿತ್ತಂತೆ. ನಿಧಾನವಾಯಿತು ಅಂತ ಮೇಲ್ವಿಚಾರಕಿಯೂ ಗೊಣಗಿದರಂತೆ. ನಾನೇ ಬಂದು ಮಾತಾಡಲಾ ಅಂದೆ. ಬೇಡ, ಸ್ವಂತ ಕೀಬೋರ್ಡ್ ತರೋಕೆ ಒಪ್ಪಿಸಿದ್ದೇನೆ, ಅಂಗಡಿಗೆ ಬಾ ಸಾಕು ಅಂದಳು.

ನಾನು ಗ್ಯಾರೇಜಿನವನು, ದೊಡ್ಡದೇ ಗಟ್ಟಿ ಅಂತ ಎಲ್ಲಕ್ಕಿಂತ ಉದ್ದದ್ದಕ್ಕೇ ಕೈ ಹಾಕಿದೆ. ಅವಳು ಒಂದೊಂದನ್ನೂ ಕಣ್ಣು ಮುಚ್ಚಿ ಒತ್ತಿ ನೋಡುತ್ತಾ ಅರ್ಧ ದಿನ ಕೂತಳು. ಮೆಕ್ಯಾನಿಕಲ್ ಕೀಬೋರ್ಡಂತೆ, ಪ್ರತಿ ಕೀಗೂ ಅದರದೇ ಸ್ಪ್ರಿಂಗು. ಒತ್ತಿದ್ದು ಬೆರಳಿಗೇ ಗೊತ್ತಾಗುತ್ತೆ. ಕೊನೆಗೆ ಬಲತುದಿಯ ಆ ಅಂಕಿಗಳ ನಂಬರ್ ಪ್ಯಾಡೇ ಇಲ್ಲದ ಒಂದು ಗಿಡ್ಡ ಕೀಬೋರ್ಡನ್ನು ಎತ್ತಿಕೊಂಡಳು. ಅಂಕಿಯೇ ನಿನ್ನ ಕೆಲಸ ಅಲ್ಲವೇನಮ್ಮಾ ಅಂದೆ.

"ನಂಬರ್ ಪ್ಯಾಡ್ ಬೇಕೇ ಬೇಕಪ್ಪಾ. ಆದರೆ ಅದು ನಾನಿರೋ ಕಡೆ ಬರಬೇಕು, ನಾನು ಅದರ ಕಡೆ ಹೋಗಲ್ಲ," ಅಂದಳು.

ಬಿಡಿಯಾಗಿ ಸಿಗುವ ಪ್ಯಾಡೊಂದನ್ನು ತರಿಸಿ ಎಡಕ್ಕಿಟ್ಟಳು. ಕಿರುಬೆರಳಿಗೆ ಸೊನ್ನೆ, ಹೆಬ್ಬೆರಳಿಗೆ ಎಂಟರ್. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು ಕಣೇ.

ಮೊನ್ನೆ ಶುಕ್ರವಾರ ಮೇಲ್ವಿಚಾರಕಿ ಪಕ್ಕದಲ್ಲೇ ನಿಂತು ನೂರು ರಿಪೋರ್ಟ್ ಕೊಟ್ಟರಂತೆ. ತೊಂಬತ್ತೊಂಬತ್ತು ಹಾಕಿ ಇವಳು ಕೈ ತೆಗೆದಳು. ಉಳಿದದ್ದರಲ್ಲಿ ಪೊಟ್ಯಾಸಿಯಂ ನಲವತ್ತೈದು ಅಂತ ಬರೆದಿದೆ, ಅಷ್ಟು ಯಾರಿಗೂ ಇರಲ್ಲ, ಅದು ನಾಲ್ಕು ಪಾಯಿಂಟ್ ಐದು ಇರಬೇಕು, ಕೇಳದೆ ಹಾಕಲ್ಲ ಅಂದಳಂತೆ. ರಕ್ತ ಪರೀಕ್ಷೆ ಮಾಡಿದವರು ಬಂದು ನೋಡಿ, ಚುಕ್ಕಿ ಬಿಟ್ಟದ್ದು ತಮ್ಮದೇ ತಪ್ಪು ಅಂತ ಒಪ್ಪಿಕೊಂಡರು. ಅವಳು ಹಾಕಿದ್ದರಲ್ಲಿ ಒಂದೂ ತಪ್ಪಿಲ್ಲ. ಕೆಲಸ ಕಾಯಂ ಆಯಿತು. ಗೇಟಿನ ಹೊರಗೆ ಅವಳು ಇದನ್ನೆಲ್ಲ ಹೇಳುತ್ತಿದ್ದರೆ ನಾನು ಮುಖ ಮರೆಸಿಕೊಳ್ಳಲು, ಗಾಡಿ ಸ್ಟಾರ್ಟ್ ಆಗುತ್ತಿಲ್ಲ ಅಂತ ಬಗ್ಗಿ ಕೂತೆ. ಮೂವತ್ತು ವರ್ಷ ಗಾಡಿ ರಿಪೇರಿ ಮಾಡಿದ ಮೆಕ್ಯಾನಿಕ್ಕು ನಾನು, ಅವಳು ನಂಬಲಿಲ್ಲ.

ಅತ್ತೆಯವರಿಗೆ ನಮಸ್ಕಾರ. ಮೊಮ್ಮಗಳ ಸುದ್ದಿಯನ್ನು ಅವರಿಗೆ ಎರಡು ಸಲ ಓದಿ ಹೇಳು.

ನಿನ್ನ
'ಇವರು'

ಮರೆತೇಬಿಟ್ಟಿದ್ದೆ: ಮಗಳಿಗೆ ಜಡೆ ಹಾಕಲು ಯಾರೂ ಇಲ್ಲವಲ್ಲ ಅಂತ ನೀನು ಅವಸರ ಮಾಡಿ ಹೊರಟು ಬರಬೇಡ. ಅಪಘಾತವಾದ ಮೇಲೆ ಎರಡು ವರ್ಷದಿಂದ ನೀನು ಹಾಕುತ್ತಿದ್ದ ಆ ಜಡೆಯನ್ನು ನಿನ್ನೆ ತಾನೇ ಹೋಗಿ ಭುಜದ ಮಟ್ಟಕ್ಕೆ ಕತ್ತರಿಸಿಕೊಂಡು ಬಂದಿದ್ದಾಳೆ. ಒಂದೇ ಕೈಯಲ್ಲಿ ಬಾಚಿಕೊಳ್ಳುತ್ತಾಳೆ. ಬಂದಾಗ ಬೈಬೇಡ, ಅವಳಿಗೆ ಒಪ್ಪುತ್ತೆ.